ಪದವಿ ಬೇರೆ, ಸನ್ನದು ಬೇರೆ

ಕಾನೂನಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ಯಾರೂ ವಕೀಲರಾಗುವುದಿಲ್ಲ. ಸನ್ನದು ಪಡೆದ ಮೇಲೆಯೇ ನ್ಯಾಯಾಲಯದಲ್ಲಿ ನಿಂತು ವಾದಿಸುವ ಅಧಿಕಾರ. ಇದನ್ನು ನಮ್ಮ ಆಯನೂರಿನಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ಆದರೆ ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವರು ಬಾಗಿಲಿಗೆ ಫಲಕ ತೂಗುಹಾಕಿ ಮನೋವ್ಯಾಧಿಗೆ ಚಿಕಿತ್ಸೆ ಮಾಡಬಹುದೇ ಎಂದು ಕೇಳಿ ನೋಡಿ. ಹಿರಿಯರ ಮಾತಿರಲಿ, ಆ ವಿಷಯವನ್ನೇ ಓದುತ್ತಿರುವ ವಿದ್ಯಾರ್ಥಿಗಳೂ ತಡವರಿಸುತ್ತಾರೆ.

ಉತ್ತರ ಕಾಯಿದೆಯಲ್ಲಿದೆ. 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯಿದೆಯ ಮೇರೆಗೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಪರಿಷತ್ತಿನ ದಾಖಲೆಯಲ್ಲಿ ಹೆಸರು ನೋಂದಾಯಿಸಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ, ಇಲ್ಲವೆ 1000 ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಆಗಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಪರಿಷತ್ತು ಒಪ್ಪಿದ ಶಿಕ್ಷಣವನ್ನು, ಇಲ್ಲವೆ ಸ್ನಾತಕೋತ್ತರ ಪದವಿಯ ಮೇಲೆ ತಜ್ಞರ ಮೇಲ್ವಿಚಾರಣೆಯ ತರಬೇತಿಯುಳ್ಳ ಎರಡು ವರ್ಷದ ಎಂ.ಫಿಲ್. ಅನ್ನು ಕೇಳುತ್ತದೆ. ಎಂ.ಎ. ಎಂಬುದು ಹೊಸ್ತಿಲೇ ಹೊರತು ಒಳಮನೆಯಲ್ಲ.

ಈ ನಿರ್ಬಂಧ ಅನ್ಯಾಯವೆಂದು ನಾನು ಹೇಳಲಾರೆ. ವೈದ್ಯನ ತಪ್ಪು ಮೈಮೇಲೆ ಕಾಣಬಹುದು. ಮನಸ್ಸಿಗೆ ಆದ ಕೇಡನ್ನು ಕಾಣುವವರಾರು? ಸಂಕಟದಲ್ಲಿ ಬಾಗಿಲು ತಟ್ಟಿದವನಿಗೆ ಎದುರು ಕುಳಿತವರ ಯೋಗ್ಯತೆಯನ್ನು ಅಳೆಯುವ ಶಕ್ತಿ ಇರುವುದಿಲ್ಲ. ಆ ಕೆಲಸವನ್ನು ಅವನ ಪರವಾಗಿ ಕಾಯಿದೆಯೇ ಮಾಡಬೇಕು.

ನನ್ನ ಆಕ್ಷೇಪ ಬೇರೆ. ಈ ಶಾಸ್ತ್ರಕ್ಕೆ ಕನ್ನಡನಾಡು ಹೊಸದಲ್ಲ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1924ರಷ್ಟು ಹಿಂದೆಯೇ ಮನಶ್ಶಾಸ್ತ್ರದ ಬೋಧನೆಗೆ ನೆಲೆ ಒದಗಿಸಿದರು. 1954ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ನಿಮ್ಹಾನ್ಸ್ ಆಯಿತು. ಇಷ್ಟು ಪರಂಪರೆಯಿದ್ದೂ, ಆಯನೂರಿನಿಂದ ಬಸ್ಸು ಹಿಡಿದು ಶಿವಮೊಗ್ಗೆಗೆ ಓದಲು ಹೋಗುವ ಹುಡುಗಿಗೆ ತನ್ನ ಪದವಿ ಎಲ್ಲಿಯವರೆಗೆ ಕೊಂಡೊಯ್ಯುತ್ತದೆಂದು ಮೊದಲ ದಿನವೇ ತಿಳಿಸುವ ಕಡ್ಡಾಯವಾದ ಪದ್ಧತಿ ನಮ್ಮಲ್ಲಿ ನೆಲೆಗೊಂಡಿಲ್ಲ. ಅಡಕೆ ಮಾರಿದ ಹಣ ಶುಲ್ಕಕ್ಕೆ ಹೋದ ಮೇಲೆ, ಐದು ವರ್ಷ ಕಳೆದ ಮೇಲೆ, ಇದು ಸಾಲದೆಂದು ಕೇಳುವುದು ಸಣ್ಣ ನೋವಲ್ಲ.

ನಿಯಮಗಳೂ ನಿಂತಲ್ಲಿ ನಿಲ್ಲುತ್ತಿಲ್ಲ. 2022ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಎಂ.ಫಿಲ್. ಪದವಿಯನ್ನು ಕೈಬಿಟ್ಟಿತು, ಚಿಕಿತ್ಸಾ ಮನಶ್ಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಗಳಿಗೆ ಮಾತ್ರ 2025-26ರವರೆಗೆ ಅವಧಿ ಕೊಟ್ಟಿತು. ಇತರ ಮನಶ್ಶಾಸ್ತ್ರಜ್ಞರನ್ನು 2021ರ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ಕಾಯಿದೆ ತನ್ನ ತೆಕ್ಕೆಗೆ ತಂದುಕೊಂಡಿತು. ಆರೋಗ್ಯಸೇವಾ ವೃತ್ತಿಯ ಪದವಿಗೆ ಕನಿಷ್ಠ 3,600 ಗಂಟೆಗಳ ಶಿಕ್ಷಣವನ್ನು ಅದು ವಿಧಿಸುತ್ತದೆ. ಅದರ ಫಲವಾಗಿ 2025ರಲ್ಲಿ ಆಯೋಗವು ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರ ಬೋಧಿಸುವುದನ್ನು ತಡೆಯಿತು. ಮನೆಗೆಲಸದ ನಡುವೆ ಅಂಚೆಯ ಪಾಠದಿಂದ ಓದುವ ಆಸೆಯಿದ್ದವರಿಗೆ ಆ ದಾರಿ ಮುಚ್ಚಿತು. ದೊಡ್ಡ ನಗರದಲ್ಲಿರುವವರಿಗೆ ಇಂತಹ ಸುದ್ದಿ ಬೇಗ ಮುಟ್ಟುತ್ತದೆ. ಹಳ್ಳಿಗೆ ತಡವಾಗಿ ಬರುತ್ತದೆ.

ಅಮೆರಿಕದಲ್ಲಿ ವೃತ್ತಿಯ ಅನುಮತಿ ಕೊಡುವುದು ಆಯಾ ಸಂಸ್ಥಾನದ ಮಂಡಲಿ. ಪದವಿಯು ಯಾವ ಸಂಸ್ಥಾನದ ಅನುಮತಿಗೆ ಸಾಕು, ಯಾವುದಕ್ಕೆ ಸಾಲದು ಎಂಬುದನ್ನು ಕಾಲೇಜುಗಳು ವಿದ್ಯಾರ್ಥಿಗೆ ತಿಳಿಸಬೇಕೆಂಬ ಕೇಂದ್ರ ನಿಯಮ 2020ರ ಜುಲೈಯಲ್ಲಿ ಅಲ್ಲಿ ಜಾರಿಗೆ ಬಂತು. ನಮಗೂ ಇದು ಅಸಾಧ್ಯವೇನಲ್ಲ. ಪ್ರವೇಶದ ಅರ್ಜಿಯೊಡನೆ ಕನ್ನಡದಲ್ಲಿ ಒಂದೇ ಒಂದು ಪುಟ ಸಾಕು: ಈ ಪದವಿಯಿಂದ ಯಾವ ಉದ್ಯೋಗ ದೊರೆತೀತು, ಯಾವುದಕ್ಕೆ ನೋಂದಣಿ ಬೇಕು, ಅದಕ್ಕೆ ಮುಂದೇನು ಓದಬೇಕು. ಅದಕ್ಕೆ ವಿದ್ಯಾರ್ಥಿಯೂ ತಂದೆತಾಯಿಯರೂ ಸಹಿ ಹಾಕಲಿ.

ಅಷ್ಟೇ ಮುಖ್ಯವಾದುದು ತರಬೇತಿ. ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಯಂತಹ ಜಿಲ್ಲಾ ಬೋಧನಾಸ್ಪತ್ರೆಗಳಲ್ಲಿ ನೋಂದಣಿಗೆ ಸಲ್ಲುವ ತರಬೇತಿಯ ಸ್ಥಾನಗಳನ್ನು ಕಲ್ಪಿಸುವ ಹೊಣೆಯನ್ನು ಸರ್ಕಾರ ಹೊರಬೇಕು. ಕಾಯಿದೆಯು ಬಾಗಿಲಿಗೆ ಬೀಗ ಹಾಕಿದ್ದು ಸರಿ. ಬೀಗದ ಕೈ ಬೆಂಗಳೂರಿನಲ್ಲಿ ಮಾತ್ರ ಸಿಗುವಂತಾದರೆ ಮಲೆನಾಡಿನ ರೋಗಿಗೆ ಯೋಗ್ಯನೂ ದೊರೆಯನು, ಅಯೋಗ್ಯನೂ ತಪ್ಪನು.