ಸೂತ್ರ ಇಳಿಸಿದ ಶ್ರೇಣಿಗಳು

2020ರಲ್ಲಿ ಕೋವಿಡ್ ಪಿಡುಗಿನ ದೆಸೆಯಿಂದ ಇಂಗ್ಲೆಂಡಿನಲ್ಲಿ ಎ-ಲೆವೆಲ್ ಪರೀಕ್ಷೆಗಳು ನಡೆಯಲಿಲ್ಲ. ಶಾಲೆಯ ಹಿಂದಿನ ಫಲಿತಾಂಶಗಳನ್ನು ಆಧರಿಸಿದ ಗಣಿತಸೂತ್ರವೊಂದು, ಉಪಾಧ್ಯಾಯರು ಅಂದಾಜಿಸಿದ ಶ್ರೇಣಿಗಳಲ್ಲಿ ನೂರಕ್ಕೆ ಸುಮಾರು 39ನ್ನು ಕೆಳಗಿಳಿಸಿತು. ತೀರ ಚಿಕ್ಕ ತರಗತಿಗಳಲ್ಲಿ ಮಾತ್ರ ಉಪಾಧ್ಯಾಯರ ಅಂದಾಜೇ ಉಳಿಯಿತು. ಸಂಖ್ಯೆ ಅಲ್ಪವಾದೆಡೆ ಸರಾಸರಿಯನ್ನು ನೆಚ್ಚಲಾಗದು. ಶಾಸ್ತ್ರದ ದೃಷ್ಟಿಯಿಂದ ಇದು ಸರಿಯೇ. ಆದರೆ ಅಂಥ ತರಗತಿಗಳು ಹೆಚ್ಚಾಗಿರುವುದು ಶುಲ್ಕ ತೆರುವವರ ಖಾಸಗಿ ಶಾಲೆಗಳಲ್ಲಿ! ಹಿಂದೆ ಉತ್ತಮ ಫಲಿತಾಂಶ ಕಾಣದ ಶಾಲೆಯ ಜಾಣ ವಿದ್ಯಾರ್ಥಿಯಾದರೋ, ತಾನೆಂದೂ ಕಾಣದವರ ಅಂಕಗಳ ಹೊರೆಯನ್ನು ಹೊರಬೇಕಾಯಿತು. ಆಗಸ್ಟ್ 13ರಂದು ಫಲಿತಾಂಶ ಹೊರಬಿದ್ದಿತು. 17ರಂದು ಸೂತ್ರವನ್ನು ಕೈಬಿಡಲಾಯಿತು.

ಯಂತ್ರ ಮತ್ತು ನೀತಿಯನ್ನು ಕುರಿತ ಉಪನ್ಯಾಸಗಳಿಗಿಂತ, ಇಂಥ ಒಂದು ಲೆಕ್ಕವನ್ನು ಉಪಾಧ್ಯಾಯರು ಪಾಠವಾಗಿ ಅಣಿಗೊಳಿಸಿ ಶಾಲೆಯಿಂದ ಶಾಲೆಗೆ ಹಂಚಿಕೊಳ್ಳುವುದು ಲೇಸೆಂದು ನಾವು ಭಾವಿಸುತ್ತೇವೆ. ಸರಾಸರಿಯನ್ನು ಕಲಿಸುವ ಗಂಟೆಯಲ್ಲಿಯೇ ಅದಕ್ಕೆ ಎಡೆಯುಂಟು.