ಲೈಕ್ ಬೀಳದ ಸುದ್ದಿ

ಮಳೆಗಾಲ ಬಂತೆಂದರೆ ಗೋಕಾಕ ಫಾಲ್ಸ್ ಎಲ್ಲರ ಮೊಬೈಲಿನಲ್ಲೂ ಧುಮುಕತೊಡಗುತ್ತದೆ. ಕೆಂಪು ನೀರು, ತೂಗುಸೇತುವೆ, ಹಿನ್ನೆಲೆಗೊಂದು ಸಿನಿಮಾ ಹಾಡು. ನಮ್ಮ ಪತ್ರಿಕಾ ವೃತ್ತಿಯವರು ‘ಮೈದುಂಬಿದ ಜಲಪಾತ’ ಎಂಬ ಶೀರ್ಷಿಕೆ ಹಚ್ಚುತ್ತಾರೆ (ಈ ‘ಮೈದುಂಬಿದ’ಕ್ಕೆ ಇನ್ನಾದರೂ ನಿವೃತ್ತಿ ಕೊಡಬೇಕು). ಬೆಂಗಳೂರು, ಪುಣೆ ಸೇರಿದ ಊರಿನ ಮಕ್ಕಳು ಹೃದಯದ ಗುರುತು ಒತ್ತುತ್ತಾರೆ. 171 ಅಡಿ ಧುಮುಕುವ ಘಟಪ್ರಭೆಗೆ ಅಷ್ಟು ಸಲ್ಲಬೇಕಾದ್ದೇ.

ಅದೇ ಹೊತ್ತಿಗೆ ಹೊಳೆದಂಡೆಯ ವಾಟ್ಸಾಪ್ ಗುಂಪುಗಳಲ್ಲಿ ಇನ್ನೊಂದು ಸುದ್ದಿ ಓಡಾಡುತ್ತಿರುತ್ತದೆ: ಘಟಪ್ರಭೆಯ ಹಿಡಕಲ್ ಅಣೆಕಟ್ಟೆಯಿಂದ ಇಷ್ಟು ಸಾವಿರ ಕ್ಯೂಸೆಕ್, ಅದನ್ನು ಸೇರುವ ಹಿರಣ್ಯಕೇಶಿ ಹೊಳೆಯಿಂದ ಇಷ್ಟು, ಮಾರ್ಕಂಡೇಯ ಹೊಳೆಯಿಂದ ಇಷ್ಟು. ಚಿತ್ರವಿಲ್ಲ, ಹಾಡಿಲ್ಲ, ಲೈಕೂ ಇಲ್ಲ. ಓದಿದವರು ಬೀಗರಿಗೊಂದು, ಅಳಿಯನಿಗೊಂದು ಕಳಿಸಿ, ದನ ಬಿಚ್ಚಲು, ಪಂಪ್‌ಸೆಟ್ ಮೇಲೆತ್ತಲು ಹೋಗಿರುತ್ತಾರೆ. ಗೋಕಾಕದ ಬಳಿಯ ಲೋಳಸೂರ ಸೇತುವೆ ಮುಳುಗೀತೇ ಎಂಬುದು ಆ ಮೂರು ಅಂಕಿಗಳನ್ನು ಕೂಡಿದಾಗಲೇ ಅಂದಾಜಾಗುವುದು. ಸುದ್ದಿ ಎಷ್ಟು ಜನರನ್ನು ಮುಟ್ಟಿತು ಎಂದು ಲೈಕು, ಕಮೆಂಟು ಎಣಿಸಿ ಹೇಳುವವರ ಲೆಕ್ಕದಲ್ಲಿ ಇದು ಯಾರಿಗೂ ಬೇಡವಾದ ಸುದ್ದಿ. ಆ ಲೆಕ್ಕವನ್ನು ನಾನಂತೂ ನಂಬುವುದಿಲ್ಲ.

ಹಾಗೆಂದು ಕೈಯಿಂದ ಕೈಗೆ ದಾಟುವುದೆಲ್ಲ ನಂಬುವಂಥದ್ದೂ ಅಲ್ಲ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಒಬ್ಬ ಯುವಕನನ್ನು ಕೊಂದಿತು. ಅಂಥ ಸಾವುಗಳು ದೇಶದ ಹಲವೆಡೆ ನಡೆದ ಮೇಲೆ, ಅದೇ ತಿಂಗಳು ವಾಟ್ಸಾಪ್ ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ದಾಟಿಸುವ ಮಿತಿ ಹಾಕಿತು. ಮರುವರ್ಷದ ಆಗಸ್ಟ್‌ನಲ್ಲಿ, ಘಟಪ್ರಭೆ ಮತ್ತು ಮಾರ್ಕಂಡೇಯ ಎರಡೂ ಗೋಕಾಕ ಪೇಟೆಗೆ ನುಗ್ಗಿದ ತಿಂಗಳಲ್ಲೇ, ಹಲವು ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತೂ ಬಂತು.

ಸಂದೇಶ ಬಹಳ ಕೈ ದಾಟಿದೆ ಎಂದು ಬಾಣ ಹೇಳುತ್ತದೆ. ಯಾವ ದಿನದ್ದೆಂದು ಹೇಳುವುದಿಲ್ಲ. ಪತ್ರಿಕೆಯ ನೆತ್ತಿಯ ಮೇಲೆ ತಾರೀಖು ಇರುತ್ತದೆ, ವಿಡಿಯೊಗೆ ಅದಿಲ್ಲ. ಹಳೆಯ ನೆರೆಯ ನೀರು ಹೊಸ ಮಳೆಗಾಲದಲ್ಲೂ ಹರಿಯಬಲ್ಲದು. ದೂರದವರಿಗೆ ಅದರಿಂದ ನಷ್ಟವಿಲ್ಲ, ಜಲಪಾತ ಯಾವ ವರ್ಷದ್ದಾದರೂ ಚೆಂದವೇ. ಕ್ಯೂಸೆಕ್ಕಿನ ಮಾತು ಹಾಗಲ್ಲ. ಹಿಡಕಲ್ ಬಿಟ್ಟ ನೀರು ಧುಪದಾಳದ ಒಡ್ಡು ದಾಟಿ ಕೆಳಗಿಳಿಯಲು ತಾಸುಗಟ್ಟಲೆ ಬೇಕು. ಬಿಟ್ಟದ್ದು ಎಷ್ಟೊತ್ತಿಗೆ ಎನ್ನುವುದೇ ಅರ್ಧ ಸುದ್ದಿ, ಕತ್ತರಿಸಿ ಅಂಟಿಸುವಾಗ ಉದುರಿಹೋಗುವುದೂ ಅದೇ.

ಹಾಗಾಗಿ ಗುಂಪಿನಲ್ಲಿ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: “ಇದು ಎಷ್ಟೊತ್ತಿಂದ್ರಿ?” ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಕಮೆಂಟ್ ಇಲ್ಲ. ಉತ್ತರ ಬರುವಷ್ಟರಲ್ಲಿ ಇನ್ನಿಬ್ಬರು ಆ ಸಂದೇಶವನ್ನು ಮುಂದೆ ದಾಟಿಸಿರುತ್ತಾರೆ.