ಬುಟ್ಟಿ ಜಾರಬೇಕು

ಮಕ್ಕಳೇ, ಹೋದ ವರ್ಷ ಜುಲೈ ತಿಂಗಳಲ್ಲಿ ನಾನು ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಅಲ್ಲಿ ನನ್ನ 11 ವರ್ಷದ ಮೊಮ್ಮಗನಿಗೆ ಮೀನು ಹಿಡಿಯುವ ಹುಚ್ಚು. "ತಾತ, ನೀನೂ ಬಾ, ಫೀಡರ್ ಕಟ್ಟೋದು ಕಲಿಯೋಣ" ಎಂದ. ಬ್ಯಾಂಕಿನಲ್ಲಿ ನೋಟಿನ ಕಟ್ಟುಗಳನ್ನು ಬಿಗಿದು ಬಿಗಿದು ಪಳಗಿದ ಕೈ ನನ್ನದು. ಗಂಟು ಹಾಕುವುದರಲ್ಲಿ ನನ್ನನ್ನು ಮೀರಿಸುವವರು ಯಾರು ಎಂದುಕೊಂಡು ಹೊರಟೆ.

13 ವರ್ಷ ತುಂಬದ ಮಕ್ಕಳಿಗೆ ಅಲ್ಲಿ ಗಾಳ ಹಾಕಲು ಲೈಸೆನ್ಸ್ ಬೇಡ. ಈ ಮುದುಕನಿಗೆ ಬೇಕು! ಒಂದು ದಿನದ ಲೈಸೆನ್ಸ್ ತೆಗೆದುಕೊಂಡೆ. ಮಾರ್ಚ್ 15ರಿಂದ ಜೂನ್ 15ರವರೆಗೆ ಅಲ್ಲಿನ ನದಿಗಳಲ್ಲಿ ಈ ಬಗೆಯ ಮೀನು ಹಿಡಿಯುವಂತೆಯೇ ಇಲ್ಲ. ಅದು ಅವು ಮೊಟ್ಟೆಯಿಡುವ ಕಾಲ.

ನಮ್ಮೂರ ಕೆರೆಯ ಗಾಳ ನಿಮ್ಮ ಅಜ್ಜಂದಿರಿಗೆ ಗೊತ್ತು: ಬಿದಿರು ಕೋಲು, ದಾರ, ಬೆಂಡು, ಕೊಕ್ಕೆ, ಎರೆಹುಳು. ಬೆಂಡು ಮುಳುಗಿತೋ, ಮೀನು ಕಚ್ಚಿತು. ಫೀಡರ್‌ನಲ್ಲಿ ಬೆಂಡೇ ಇಲ್ಲ. ಹೆಬ್ಬೆರಳು ಗಾತ್ರದ ಜಾಲರಿ ಬುಟ್ಟಿ, ಅದರ ಪಕ್ಕದಲ್ಲಿ ಒಂದು ತೂಕ, ಅಷ್ಟೇ. ಬುಟ್ಟಿಗೆ ಒದ್ದೆ ಬ್ರೆಡ್ ಪುಡಿ ತುಂಬಿ ದೂರಕ್ಕೆ ಎಸೆಯುತ್ತಾರೆ. ಅದು ತಳ ಮುಟ್ಟಿ ಪುಡಿಯನ್ನು ಉದುರಿಸುತ್ತದೆ. ಆ ಊಟಕ್ಕೆ ಬ್ರೀಮ್, ರೋಚ್, ಟೆಂಚ್ ಮೀನುಗಳು ಬಂದಾಗ ಪಕ್ಕದಲ್ಲೇ ಕೊಕ್ಕೆ ಕಾದಿರುತ್ತದೆ. ನಮ್ಮ ಕಾವೇರಿಯಲ್ಲಿ ಮಹಶೀರ್ ಮೀನಿಗೆ ರಾಗಿ ಉಂಡೆ ಹಾಕುತ್ತಿದ್ದರಲ್ಲ, ಆಸೆ ತೋರಿಸುವ ಕೆಲಸ ಎರಡೂ ಕಡೆ ಒಂದೇ.

ಪುಡಿ ಕಲಸುವುದೇ ಒಂದು ವಿದ್ಯೆ. ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಮತ್ತೆ ಚಿಮುಕಿಸಬೇಕು. ಹಿಂಡಿದರೆ ಉಂಡೆಯಾಗಬೇಕು, ಬೆರಳಲ್ಲಿ ಉಜ್ಜಿದರೆ ಉದುರಬೇಕು. ಪುಟ್ಟು ಮಾಡುವವರಿಗೆ ಈ ಹದ ಹೇಳಿಕೊಡಬೇಕಾಗಿಲ್ಲ. ಹುಳು ಮುಟ್ಟಬೇಡಿ ಎಂದು ನನ್ನವಳ ಆಜ್ಞೆಯಾಗಿತ್ತು. ಹಾಗಾಗಿ ಕೊಕ್ಕೆಗೆ ಡಬ್ಬಿಯ ಸ್ವೀಟ್ ಕಾರ್ನ್ ಸಿಕ್ಕಿಸಿದೆವು. ಮೀನುಗಳಿಗೆ ಅದೂ ಇಷ್ಟ.

ಇನ್ನು ಕಟ್ಟುವ ಕೆಲಸ. ಬುಟ್ಟಿ ದಾರದ ಮೇಲೆ ಅತ್ತಿತ್ತ ಜಾರುತ್ತಿತ್ತು. ಇದು ಸಡಿಲವಾಗಿದೆ ಎಂದು ನಾನು ಅದರ ಮೇಲೊಂದು ಕೆಳಗೊಂದು ಗಂಟು ಹಾಕಿ ಭದ್ರ ಮಾಡಿದೆ. ಹೆಮ್ಮೆಯಿಂದ ಮೊಮ್ಮಗನ ಕೈಗೆ ಕೊಟ್ಟೆ. ಕೊಳ ನೋಡಿಕೊಳ್ಳುವವರು ಬಂದು ಅದನ್ನು ಹಿಡಿದು ನೋಡಿ, ಏನೂ ಬೈಯದೆ, ಎರಡು ಗಂಟುಗಳನ್ನೂ ಕತ್ತರಿಸಿಬಿಟ್ಟರು!

ಏಕೆಂದು ಅವರೇ ತೋರಿಸಿದರು. ದೊಡ್ಡ ಮೀನು ಎಳೆದು, ದಾರ ಬುಟ್ಟಿಗಿಂತ ಮೇಲೆ ತುಂಡಾಯಿತು ಎನ್ನಿ. ಗಂಟು ಹಾಕಿದ್ದರೆ ಮೀನು ಬಾಯಲ್ಲಿ ಕೊಕ್ಕೆ, ಹಿಂದೆ ಬುಟ್ಟಿ ಎಳೆದುಕೊಂಡು ಓಡುತ್ತದೆ. ಬುಟ್ಟಿ ಗಿಡದ ಬೇರಿಗೆ ಸಿಕ್ಕಿಕೊಂಡರೆ ಮೀನು ಕಟ್ಟಿಹಾಕಿದಂತಾಗಿ ಅಲ್ಲೇ ಸಾಯುತ್ತದೆ. ಬುಟ್ಟಿ ಜಾರುವಂತಿದ್ದರೆ, ತುಂಡಾದ ತುದಿಯಿಂದ ಅದು ಕಳಚಿ ಬೀಳುತ್ತದೆ, ಮೀನು ಹೊರಟುಹೋಗುತ್ತದೆ. ಸರಿಯಾದ ಕ್ರಮ ಇದು: ದಾರವನ್ನು ಬುಟ್ಟಿಯ ಉಂಗುರದಲ್ಲಿ ತೂರಿಸಿ, ಒಂದು ಮಣಿ ಪೋಣಿಸಿ, ತುದಿಗೆ ಸ್ವಿವೆಲ್ ಎಂಬ ತಿರುಗುವ ಕೊಂಡಿ ಕಟ್ಟಬೇಕು. ಕೊಂಡಿಯ ಆಚೆಗೆ ಸುಮಾರು ಅರ್ಧ ಮೀಟರ್ ತೆಳು ದಾರ, ಅದರ ಕೊನೆಗೆ ಕೊಕ್ಕೆ. ಎಳೆತ ಹೆಚ್ಚಾದರೆ ತೆಳು ದಾರವೇ ಮೊದಲು ಹರಿಯಲಿ ಎಂಬ ಲೆಕ್ಕ.

ತೂಕಕ್ಕೂ ಒಂದು ಕಥೆಯಿದೆ. ಹಿಂದೆ ಅಲ್ಲಿ ಸೀಸದ ಗುಂಡು ಕಟ್ಟುತ್ತಿದ್ದರು. ಕಳಚಿ ಬಿದ್ದ ಗುಂಡುಗಳನ್ನು ಹಂಸಗಳು ಕಲ್ಲೆಂದು ನುಂಗಿ, ವಿಷವೇರಿ ಸಾಯುತ್ತಿದ್ದವು. 1987ರಲ್ಲಿ 28 ಗ್ರಾಂವರೆಗಿನ ಹೆಚ್ಚಿನ ಸೀಸದ ತೂಕಗಳನ್ನು ನಿಷೇಧಿಸಿದರು.

ಎರಡು ಗಂಟೆ ಕಾದ ಮೇಲೆ ಕೋಲಿನ ತೆಳ್ಳನೆ ತುದಿ ಬಾಗಿತು. ಮೊಮ್ಮಗ ಎಳೆದ. ಅಂಗೈ ಅಗಲದ ಬ್ರೀಮ್! ಕೈ ಒದ್ದೆ ಮಾಡಿಕೊಂಡೇ ಹಿಡಿದ. ಒಣ ಕೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆ, ಅದೇ ಅದಕ್ಕೆ ಕವಚ. ಕೊಕ್ಕೆ ಬಿಡಿಸಿ ನೀರಿಗೆ ಬಿಟ್ಟ.

ಮನೆಯಲ್ಲೇ ಮಾಡಿ ನೋಡಿ. ಕೊಕ್ಕೆ ಮಾತ್ರ ಬೇಡ. ಉದ್ದ ದಾರಕ್ಕೆ ಒಂದು ಬೀಗದ ಕೈ ತೂರಿಸಿ, ಮಣಿ ಪೋಣಿಸಿ, ತುದಿಗೆ ಅಂಗಿಯ ಗುಂಡಿ ಕಟ್ಟಿ. ಅಜ್ಜ ಬೀಗದ ಕೈಗಿಂತ ಮೇಲೆ ದಾರ ಕತ್ತರಿಸಲಿ, ನೀವು ಗುಂಡಿ ಹಿಡಿದು ಮೇಲೆತ್ತಿ. ಬೀಗದ ಕೈ ಜಾರಿ ನೆಲಕ್ಕೆ ಬಿದ್ದರೆ ಕಟ್ಟಿದ್ದು ಸರಿ.